ಬುಡಕ್ಕೆ ಹಲ್ಲು, ತುದಿಗೆ ನುಣುಪು

ಗುದ್ದಲಿಯ ಕಾವಿಗೆ ಬೆಣೆ ಬಡಿಯುತ್ತಿದ್ದ ನಂಜಾಚಾರಿಯ ಸುತ್ತಿಗೆ ಮೂರನೆಯ ಏಟಿಗೆ ಬೆಣೆ ತಪ್ಪಿ ಅವನ ಹೆಬ್ಬೆರಳಿಗೇ ಬಿತ್ತು. ನಲವತ್ತು ವರ್ಷ ಕಬ್ಬಿಣ ಬಡಿದ ಕೈ ಅದು, ಹೀಗೆ ತಪ್ಪುವುದೆಂದರೇನು! ಎದೆಮಟ್ಟ ಅಗೆದ ಗುಂಡಿಯೊಳಗೆ ನಿಂತಿದ್ದ ಬೊಮ್ಮ ತಲೆಯೆತ್ತಿ ನೋಡಿದ, ನೋಡಿಯೂ ನೋಡದವನಂತೆ ಮುಖ ತಿರುಗಿಸಿದ.

"ನಿಧಾನ ಆಚಾರ್ರೆ," ಎಂದ ಮೇಲೆ ಕೂತಿದ್ದ ಕೆಂಪಣ್ಣ. "ಇನ್ನೂ ಮೈ ತೊಳ್ದಿಲ್ಲ. ಮಣ್ಣಿಗೆ ತರೋದು ಹನ್ನೆರಡಾಗುತ್ತೆ."

ಗುಂಡಿ ಕೆಂಪಣ್ಣನ ಭಾವ ಜವರಯ್ಯನಿಗೆ. ನೆಲ್ಯಹುದಿಕೇರಿಯ ಕೆಳಗೆ, ಕಾವೇರಿಯ ದಡದಲ್ಲಿ, ಎಸ್ಟೇಟಿನ ಆಳುಗಳಿಗೆಂದು ಬಿಟ್ಟ ಜಾಗ. ಅರಕಲಗೂಡಿನ ಕಡೆಯಿಂದ ಕಾಫಿ ಕುಯ್ಲಿಗೆಂದು ಒಂದು ವರ್ಷದ ಮಾತಿಗೆ ಬಂದು ಇಪ್ಪತ್ತು ವರ್ಷ ಉಳಿದುಬಿಟ್ಟ ಮನುಷ್ಯ ನಿನ್ನೆ ಬೆಳಿಗ್ಗೆ ಕರಿಮೆಣಸಿನ ಬಳ್ಳಿ ಹಬ್ಬಿದ ಮರದ ಮೇಲೆ ಸತ್ತಿದ್ದ. ಪೊಲೀಸಿನವರು ಬಂದು ಬರೆದುಕೊಂಡು ಹೋಗಿದ್ದರು. ಇವತ್ತು ಶನಿವಾರ. ನಾಳೆ ಒಂದು ದಿನ ರಜೆ. ಸೋಮವಾರ ಮೆಣಸು ಕುಯ್ಯುವ ಉಳಿದ ಎಂಟು ಜನ ಮತ್ತೆ ಏಣಿ ಹೊರಬೇಕು.

"ನೀನು ಪಕ್ಕದ ಮರದಲ್ಲೇ ಇದ್ದೆ ಅಂದ್ರಲ್ಲ ಬೊಮ್ಮ," ಎಂದ ನಂಜಾಚಾರಿ. ಈ ಮಾತನ್ನು ಅವನು ಬೆಳಿಗ್ಗೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದ.

"ಇದ್ದೆ." ಬೊಮ್ಮ ಗುಂಡಿಯ ಅಂಚಿಗೆ ಕೈಯೂರಿದ. "ಹೋದ ವಾರ ಕಾಫಿಗೆ ಹೂಮಳೆ ಬಂತು, ಮೊನ್ನೆ ರಾತ್ರಿ ಮತ್ತೆ ಬಿತ್ತಲ್ಲ, ಮರ ಎಲ್ಲ ಪಾಚಿ ಜಾರ್ತಿತ್ತು. ಏಣಿ ಹೋಯ್ತು. ಮರಕ್ಕೂ ಸೊಂಟಕ್ಕೂ ಕಟ್ಟಿದ್ದ ಹಗ್ಗ ಮೇಲಕ್ಕೆ ಬಂದು ಎದೆಗೆ ಕಚ್ಚಿಕೊಂತು. ನೆನೆದ ನಾರಿನ ಹಗ್ಗ, ಬಿಗೀತಾನೇ ಹೋಯ್ತು. ಜವರಣ್ಣ ಕಾಲಲ್ಲಿ ಮರ ತಬ್ಬಿಕೊಂಡಿದ್ದ. 'ಹಗ್ಗ ಕೊಯ್ಕೊಂತೀನಿ, ಏಣಿ ತನ್ರೋ' ಅಂದ. ಕೊಯ್ತಾನೇ ಇದ್ದ ಆಚಾರ್ರೆ. ನಾನು ಇಳಿದು, ಏಣಿ ಹೊತ್ತು ತಂದು, ಹತ್ತೋವರೆಗೂ ಕೈ ಆಡ್ತಾನೇ ಇತ್ತು. ಮುಟ್ಟೋ ಹೊತ್ತಿಗೆ ಆಡ್ಲಿಲ್ಲ."

"ಹಗ್ಗ?"

"ಕಾಲುಭಾಗ ಕೊಯ್ದಿತ್ತು. ಅಷ್ಟೇ."

ಹಗ್ಗ ಕೊಯ್ದ ಚಾಕು ನಂಜಾಚಾರಿ ಮಾಡಿಕೊಟ್ಟದ್ದು. ಅದರ ಅಲಗಿನ ಬಾಯಿ ಹೇಗಿರಬೇಕೆಂದು ತೀರ್ಮಾನ ಮಾಡಿದವನೂ ಅವನೇ. ಅಂಥದೇ ಎಂಟು ಚಾಕು ಉಳಿದ ಎಂಟು ಜನರ ಸೊಂಟದಲ್ಲಿವೆ.

"ಚಾಕು ಎಲ್ಲಿ ಈಗ?"

"ಅಕ್ಕನ ಮಡಿಲಲ್ಲಿ," ಎಂದ ಕೆಂಪಣ್ಣ. "ಯಾರ ಕೈಗೂ ಕೊಡ್ತಿಲ್ಲ. ಜೊತೆಗೇ ಹಾಕಿ ಮುಚ್ಚಬೇಕಂತೆ. ಗುಂಡಿಗೆ ಕಬ್ಬಿಣ ಹಾಕಬಾರ್ದು ಅಂತ ದೊಡ್ಡೋರು ಹೇಳಿದ್ರೂ ಕೇಳ್ತಿಲ್ಲ."

ಹನ್ನೆರಡಕ್ಕೆ ಅದು ಮಣ್ಣಿನೊಳಗೆ. ಅಷ್ಟರೊಳಗೆ ಅದನ್ನೊಮ್ಮೆ ಕೈಯಲ್ಲಿ ಹಿಡಿದು ನೋಡದಿದ್ದರೆ ತಾನು ಬದುಕಿರುವವರೆಗೂ ಅನ್ನ ಇಳಿಯುವುದಿಲ್ಲ ಎಂದು ನಂಜಾಚಾರಿಗೆ ಗೊತ್ತಾಯಿತು. ಗುದ್ದಲಿಯನ್ನು ಅಲ್ಲೇ ಇಟ್ಟು ಎದ್ದ.

*

ಮೂರು ತಿಂಗಳ ಹಿಂದೆ, ಮೆಣಸು ಇನ್ನೂ ಹಸಿರಿದ್ದಾಗ, ಒಂಬತ್ತು ಜನರ ಪರವಾಗಿ ಜವರಯ್ಯ ಕುಲುಮೆಗೆ ಬಂದಿದ್ದ. ಎಸ್ಟೇಟಿನವರು ಕೊಡುವ ಕತ್ತಿ ಮೊಳದುದ್ದ. ಅದನ್ನು ಕಟ್ಟಿಕೊಂಡು ಮರ ಹತ್ತಿದರೆ ತೊಡೆಗೆ ಹೊಡೆಯುತ್ತದೆ. ಮಡಚಿ ಸೊಂಟಕ್ಕೆ ಸಿಕ್ಕಿಸುವಂಥ ಚಾಕು ಬೇಕಿತ್ತು.

"ಬಾಯಿ ಎಂಥದಿರಲಿ?" ಎಂದು ನಂಜಾಚಾರಿ ಕೇಳಿದ್ದ. ಕೇಳುವುದು ಅವನ ಪದ್ಧತಿ, ಉತ್ತರ ಅವನೇ ಕೊಟ್ಟುಕೊಳ್ಳುವುದೂ ಪದ್ಧತಿ. "ನುಣ್ಣನೆ ಬಾಯಿ ಇದೆ, ಹಲ್ಲಿನ ಬಾಯಿ ಇದೆ. ನುಣ್ಣನೇದು ಬಳ್ಳಿ ಕೊಯ್ದ್ರೆ ಕನ್ನಡಿ ಥರ ಕೊಯ್ಯುತ್ತೆ, ಗಾಯ ಕೊಳೆಯಲ್ಲ. ಮೊಂಡಾದ್ರೆ ಹೊಳೆಕಲ್ಲಿಗೆ ಉಜ್ಜಿಕೋ, ಆಯ್ತು. ಹಲ್ಲಿಂದು ಹುಲ್ಲು, ನಾರು, ಹಗ್ಗ ತಿನ್ನುತ್ತೆ. ಆದ್ರೆ ಸಿಪ್ಪೆ ಸೀಳುತ್ತೆ, ಮೊಂಡಾದ್ರೆ ನನ್ನ ಹತ್ರಾನೇ ಬರಬೇಕು."

ಜವರಯ್ಯ ತಲೆ ಕೆರೆದುಕೊಂಡ. "ಎರಡೂ ಒಂದ್ರಲ್ಲೇ ಆಗಲ್ವಾ ಆಚಾರ್ರೆ? ಬುಡಕ್ಕೆ ಹಲ್ಲು, ತುದಿಗೆ ನುಣುಪು."

"ಯಾತಕ್ಕೆ?"

"ಹಗ್ಗಕ್ಕೆ ಹಲ್ಲು ಬೇಕು. ಬುಡದಲ್ಲಿ ಇದ್ರೆ ಬಲ ಬೀಳುತ್ತೆ. ತುದಿ ನುಣ್ಣಗೆ ಇರಬೇಕು, ಮುಳ್ಳು ತೆಗೆಯೋಕೆ."

ಮುಳ್ಳಿನ ಮಾತು ಆಳುಗಳ ಲೈನ್ ಮನೆಗಳ ಸಾಲಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಕಳೆ ಕೀಳುವ ಹೆಂಗಸರ ಕಾಲಿನ ಮುಳ್ಳೆಲ್ಲ ಸಂಜೆಯಾದರೆ ಜವರಯ್ಯನ ಜಗಲಿಗೆ ಬರುತ್ತಿದ್ದವು. ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಊರ ಸುದ್ದಿ ಹೇಳುತ್ತ, ನೋವು ಗೊತ್ತಾಗುವುದರೊಳಗೆ ಮುಳ್ಳನ್ನು ಉಗುರ ಮೇಲಿಟ್ಟು ತೋರಿಸುತ್ತಿದ್ದ. ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ ಒಂದೇ ಸುರುಳಿ ಎತ್ತುತ್ತಿದ್ದ. ಅವನ ಬದುಕಿನಲ್ಲಿ ಹೊಗಳುವಂಥದ್ದು ಇಷ್ಟೇ, ಅದಕ್ಕೇ ಅವನು ಸಂತೋಷವಾಗಿದ್ದ.

"ಎರಡು ದೋಣಿ ಮೇಲೆ ಕಾಲಿಡೋಕೆ ಹೋಗಬೇಡ," ಎಂದು ನಂಜಾಚಾರಿ ನಕ್ಕಿದ್ದ. "ಅತ್ತ ಕುಡುಗೋಲೂ ಅಲ್ಲ, ಇತ್ತ ಚಾಕೂ ಅಲ್ಲ. ನಮ್ಮಪ್ಪ ಮಡಚೋ ಚಾಕಿಗೆ ಹಲ್ಲು ಕಡಿದವನಲ್ಲ, ನಾನೂ ಕಡಿಯಲ್ಲ. ಒಂಬತ್ತಕ್ಕೂ ನುಣ್ಣನೆ ಬಾಯಿ. ಹೋಗು."

ಜವರಯ್ಯ ತಕರಾರು ಮಾಡಲಿಲ್ಲ. ದೊಡ್ಡವರು ಬೇಡವೆಂದರೆ ಬೇಡ ಎನ್ನುವ ಜಾತಿಯ ಮನುಷ್ಯ.

ಅಪ್ಪನ ಮಾತು ಬರೀ ನೆಪ. ಅಪ್ಪ ಚಾಕಿಗೂ ಹಲ್ಲು ಕಡಿದಿದ್ದ, ಅಡಿಕೆಕತ್ತರಿಗೂ ಬಳ್ಳಿ ಚಿತ್ತಾರ ಕೊರೆದಿದ್ದ. ನಿಜ ಏನೆಂದರೆ ನಂಜಾಚಾರಿಗೆ ಎರಡು ವರ್ಷದಿಂದ, ಕೊಡಗು ಮೈಸೂರಿಗೆ ಸೇರಿದ ವರ್ಷದಿಂದ, ಹತ್ತಿರದ್ದು ಕಾಣುತ್ತಿರಲಿಲ್ಲ. ಕುಡುಗೋಲಿನ ಹಲ್ಲು ದೊಡ್ಡದು, ಕೈ ಅಳತೆಯಲ್ಲೇ ಹೋಗುತ್ತದೆ. ಬೆರಳುದ್ದದ ಚಾಕಿಗೆ ಎಳ್ಳುಗಾತ್ರದ ಹಲ್ಲು ಕಡಿಯಲು ಕಣ್ಣು ಬೇಕು. ಬೆಂಕಿಯ ಬಣ್ಣ ಮಾತ್ರ ಈಗಲೂ ಕಾಣುತ್ತದೆ, ಉಕ್ಕು ಕಾದು ಒಣಹುಲ್ಲಿನ ಬಣ್ಣಕ್ಕೆ ಬಂದದ್ದು, ಬಿಸಿ ಹೆಚ್ಚಿ ನೀಲಿಗೆ ತಿರುಗಿದ್ದು, ಎಲ್ಲ. ಅಷ್ಟರಲ್ಲೇ ಮಾನ ಉಳಿಸಿಕೊಂಡಿದ್ದ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಂಜಾಚಾರಿ ಚಾಕಿಗೆ ಹಲ್ಲು ಸಲ್ಲದೆಂದ.

*

ಲೈನ್ ಮನೆಯ ಮುಂದೆ ಜನ ಕೂಡಿದ್ದರು. ಗೋಡೆಗೆ ಒರಗಿಸಿ ಕೂರಿಸಿದ್ದ ಜವರಯ್ಯನ ಎದೆಯ ಮೇಲೆ ಹಗ್ಗದ ಗುರುತು ಕರ್ರಗೆ ಎದ್ದಿತ್ತು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಪದ್ಮಯ್ಯ, ಮೂರ್ನಾಡಿನ ಕಡೆಯವನು, ಹಾರ ಹಾಕಿ ಬಂದು ನಂಜಾಚಾರಿಯ ಪಕ್ಕ ನಿಂತ.

"ಎಂತ ಮಾಡೋದು ಆಚಾರ್ರೆ. ಹಗ್ಗ ಕೊಯ್ದಿದ್ರೂ ಬೀಳ್ತಿದ್ದ. ಇಪ್ಪತ್ತೈದು ಅಡಿ. ಹಣೇಲಿ ಬರ್ದದ್ದು."

ಬೀಳುತ್ತಿದ್ದ, ಹೌದಲ್ಲ! ನಂಜಾಚಾರಿ ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆದರೆ ಕಾಲಲ್ಲಿ ಮರ ತಬ್ಬಿದ್ದ ಎಂದಿದ್ದನಲ್ಲ ಬೊಮ್ಮ. ಇಪ್ಪತ್ತು ವರ್ಷ ಮರ ಹತ್ತಿದ ಕಾಲು ಒಂದು ಏಣಿ ಬರುವವರೆಗೆ ಬಿಡುತ್ತಿತ್ತೇ?

ಮೈ ತೊಳೆದಾಯಿತು. "ಉಡಿದಾರ ಹರೀಬೇಕು, ಚಾಕು ತನ್ನಿ," ಎಂದಳು ಹುಚ್ಚಮ್ಮ. ಲೈನಿನಲ್ಲಿ ಹುಟ್ಟಿಗೂ ಸಾವಿಗೂ ಅವಳೇ ಹಿರಿಯಳು. ಎಲ್ಲರ ಕಣ್ಣೂ ಹೆಣದ ಕಾಲ ಬಳಿ ಕೂತಿದ್ದ ಅವನ ಹೆಂಡತಿ ಲಿಂಗಮ್ಮನ ಕಡೆ ತಿರುಗಿತು. ಸತ್ತವನ ಸೊಂಟದ ದಾರವನ್ನು ಅವನ ಚಾಕಿನಿಂದಲೇ ಹರಿಯುವುದು ಸರಿಯೆಂದು ಎಲ್ಲರಿಗೂ ಅನ್ನಿಸಿತ್ತು.

"ಕೊಡವ್ವ," ಎಂದಳು ಹುಚ್ಚಮ್ಮ.

ಲಿಂಗಮ್ಮ ಮಡಿಲನ್ನು ಹೊಟ್ಟೆಗೆ ಅವುಚಿಕೊಂಡಳು. "ಕೊಡಲ್ಲ. ಬೇರೇದು ತಗೊಳ್ಳಿ."

ಯಾರೋ ಸೂರಿಗೆ ಸಿಕ್ಕಿಸಿದ್ದ ಹುಲ್ಲು ಕೊಯ್ಯುವ ಕುಡುಗೋಲು ಕೊಟ್ಟರು. ಗುಂಡಿಯಿಂದ ಬಂದಿದ್ದ ಕೆಂಪಣ್ಣ ಅದನ್ನು ದಾರಕ್ಕೆ ಹಚ್ಚಿ ಒಂದೇ ಸಲ ಎಳೆದ. ನೆನೆದ ನೂಲು ಪಟಕ್ಕನೆ ಹರಿಯಿತು. ಹಲ್ಲು! ಒಂದೇ ಎಳೆತ! ನಂಜಾಚಾರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮನೆಯ ಹಿಂದಕ್ಕೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದ. ಎದುರಿಗೆ ತೋಟದ ತುಂಬ ಕಾಫಿ ಹೂ ಬಿರಿದು ನಿಂತಿತ್ತು, ಆ ವಾಸನೆಗೆ ಅವನು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ.

ಸ್ವಲ್ಪ ಹೊತ್ತಿಗೆ ಲಿಂಗಮ್ಮ ಸೀರೆ ಬದಲಿಸುವ ನೆಪದಲ್ಲಿ ಹಿಂದಿನ ಬಾಗಿಲಿಗೆ ಬಂದಳು. ಅವನನ್ನು ಕಂಡು ಒಳಗೆ ತಿರುಗಿದಳು.

"ಲಿಂಗಮ್ಮ, ನಿನ್ನ ಕಾಲಿಗೆ ಬೀಳ್ತೀನಿ. ಒಂದು ಸಲ ತೋರ್ಸು."

"ನೀವು ನೋಡಬಾರ್ದು ಆಚಾರ್ರೆ. ನೀವಂತೂ ನೋಡಲೇಬಾರ್ದು."

"ನನ್ನಿಂದ ಆಗಿದೆ ತಾಯಿ. ಅವನು ಹಲ್ಲು ಕೇಳಿದ. ನಾನು ಕೊಡಲಿಲ್ಲ." ಹೇಳಬಾರದೆಂದುಕೊಂಡದ್ದೂ ಬಾಯಿಂದ ಬಂತು. "ನನಗೆ ಕಣ್ಣು ಕಾಣ್ಸಲ್ಲ. ಅದಕ್ಕೇ ಕೊಡಲಿಲ್ಲ. ಯಾರಿಗೂ ಹೇಳಿಲ್ಲ, ನನ್ನ ಹೆಂಡ್ತಿಗೂ."

ಲಿಂಗಮ್ಮ ಅವನನ್ನೇ ನೋಡಿದಳು. ಅತ್ತೂ ಅತ್ತೂ ಅವಳ ಮುಖ ಬಾತುಹೋಗಿತ್ತು. ಆಮೇಲೆ ಹೊಸ್ತಿಲ ಮೇಲೆ ಕೂತು ಮಡಿಲ ಗಂಟು ಬಿಚ್ಚಿದಳು.

ಚಾಕು ಪೂರ್ತಿ ಮಡಚಿರಲಿಲ್ಲ, ಮಡಚಲು ಆಗುವಂತಿರಲಿಲ್ಲ. ಅಲಗು ಬಾಳೆಎಲೆಯ ಹಾಗೆ ಪಕ್ಕಕ್ಕೆ ಬಾಗಿತ್ತು. ನಂಜಾಚಾರಿ ಬೆರಳು ಆಡಿಸಿದ. ಬುಡದಲ್ಲಿ ಒಂದಿಂಚು ಹಲ್ಲು. ಅರದಿಂದ ಉಜ್ಜಿ ಮಾಡಿದ ಹಲ್ಲು, ಸಣ್ಣಗೆ, ಒಂದರ ಪಕ್ಕ ಒಂದು, ಎಷ್ಟು ಸಮವಾಗಿ! ಆದರೆ ಎಲ್ಲ ಹಲ್ಲೂ ಒಂದೇ ಕಡೆಗೆ ಮಲಗಿದ್ದವು, ಸಂದಿಯಲ್ಲಿ ತೆಂಗಿನ ನಾರು. ಬಿಸಿಲಿಗೆ ಹಿಡಿದ. ಬೆನ್ನಿನುದ್ದಕ್ಕೂ ಬೆಂಕಿ ಕಂಡ ಉಕ್ಕಿನ ನೀಲಿ.

"ಇದನ್ನ ಬೆಂಕಿಗೆ ಹಾಕಿದ್ರಾ?"

"ಅರ ಹಿಡೀಲಿಲ್ಲ. ಜಾರ್ತಿತ್ತು. ಆಚಾರ್ರು ಕಾಯ್ಸಿ ತಾನೆ ಕೆಲಸ ಮಾಡೋದು, ಕಾದ್ರೆ ಮೆತ್ತಗಾಗುತ್ತೆ ಅಂದ್ರು ನಮ್ಮೋರು. ಒಲೇಲಿಟ್ರು. ನಾನು ಊದುಗೊಳವೇಲಿ ಊದ್ದೆ, ಕೆಂಪಗಾಗೋವರೆಗೂ. ರಾತ್ರಿಯೆಲ್ಲ ಬೂದೀಲಿ ಮುಚ್ಚಿಟ್ಟು ಬೆಳಿಗ್ಗೆ ಹಲ್ಲು ಉಜ್ಜಿದ್ರು. ನಿಮ್ಗೆ ಗೊತ್ತಾದ್ರೆ ಬೇಜಾರು ಮಾಡ್ಕೋತೀರಿ, ತೋರಿಸ್ಬೇಡ ಅಂದಿದ್ರು." ಅವಳ ದನಿ ಕಿರಿದಾಯಿತು. "ಬಾಗಿದ್ದು ನೋಡಿದಾಗ್ಲೇ ನನ್ಗೆ ಎದೆ ಧಸಕ್ ಅಂತು. ಊದಿದ್ದು ಹೆಚ್ಚಾಯ್ತಾ ಆಚಾರ್ರೆ? ನಾನು ಊದಿದ್ದಕ್ಕೇ ಹಿಂಗಾಯ್ತಾ?"

ಆಗಿತ್ತು. ಉಕ್ಕನ್ನು ಮೆತ್ತಗೆ ಮಾಡಿ ಹಲ್ಲು ಕಡಿಯುವುದು ಸರಿಯೇ. ಕಡಿದ ಮೇಲೆ ಮತ್ತೆ ಕಾಯಿಸಿ ನೀರಿಗೆ ಅದ್ದಬೇಕು. ಒಂದು ಸಲ ಅದ್ದಿದ್ದರೆ ಗಟ್ಟಿಯಾಗುತ್ತಿತ್ತು. ಅದ್ದದಿದ್ದರೆ ಉಕ್ಕು ಹೋಗಿ ತಗಡು. ಕುಲುಮೆಯಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುವ ಮಾತು. ಜವರಯ್ಯನಿಗೆ ಅದನ್ನು ಯಾರು ಹೇಳಬೇಕಿತ್ತು?

"ಹೇಳಿ," ಎಂದು ಲಿಂಗಮ್ಮ ಅವನ ಮೊಣಕೈ ಹಿಡಿದಳು. "ಇದೊಂದೇ ಅಲ್ಲ. ಎಲ್ಲರ ಚಾಕಿಗೂ ಅವರೇ ಹಲ್ಲು ಮಾಡ್ಕೊಟ್ರು, ಎಂಟಕ್ಕೂ. ಎಲ್ಲಾನೂ ಇದೇ ಒಲೆ, ನಾನೇ ಊದಿದ್ದು. ನನ್ನ ತಮ್ಮಂದೂ. ನನ್ನಿಂದ ಆಗಿದ್ರೆ ಹೇಳ್ಬಿಡಿ ಆಚಾರ್ರೆ, ಮಣ್ಣಾದ ಮೇಲೆ ನಾನು ಹೊಳೆಗೆ ಹೋಗ್ತೀನಿ, ವಾಪಸ್ ಬರಲ್ಲ."

ಅವಳು ಹೆದರಿಸುತ್ತಿರಲಿಲ್ಲ. ಸೌದೆ ತರಲು ಹೋಗುತ್ತೇನೆ ಎಂದಷ್ಟೇ ಸಲೀಸಾಗಿ ಹೇಳಿದ್ದಳು. ನಂಜಾಚಾರಿ ಬಾಗಿದ ಅಲಗನ್ನು ಮತ್ತೆ ತಡವಿದ. ಎಂಟು ಚಾಕು! ಸೋಮವಾರ! ಆ ಎಂಟು ಜನರಿಗೆ ನಿಜ ಹೇಳಬೇಕು, ಹೇಳಿದರೆ ಇವಳು ಉಳಿಯುವುದಿಲ್ಲ.

"ಒಲೆಯಿಂದ ಏನೂ ಆಗಲ್ಲ ತಾಯಿ," ಎಂದ. ದನಿ ತನ್ನದೇ ಅನ್ನಿಸಲಿಲ್ಲ. "ಸೌದೆ ಬೆಂಕಿ ಉಕ್ಕಿಗೆ ಏನು ಮಾಡುತ್ತೆ? ನನ್ನ ಉಕ್ಕೇ ಕೆಟ್ಟದ್ದು. ಹಳೇ ಡಬ್ಬದ ಪಟ್ಟಿ ಹಾಕಿ ಬಡಿದಿದ್ದೆ. ಒಳ್ಳೇ ಉಕ್ಕಾಗಿದ್ರೆ ನೀನು ಎಷ್ಟು ಊದಿದ್ರೂ ಬಾಗ್ತಿರಲಿಲ್ಲ."

ಲಿಂಗಮ್ಮನ ಕೈ ನಿಧಾನವಾಗಿ ಸಡಿಲವಾಯಿತು. ಅವಳು ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ಅದರ ಹಿಂದೆಯೇ ಅವಳ ಮುಖ ಬದಲಾಯಿತು.

"ಗೊತ್ತಿದ್ದೂ ಕೊಟ್ರಾ?"

"ಗೊತ್ತಿದ್ದೂ ಕೊಟ್ಟೆ."

"ನಿಮ್ಮನ್ನ ದೇವರು ಅಂತಿದ್ರಲ್ಲೋ ನಮ್ಮೋರು! ನಿನ್ನ ಕುಲುಮೆಗೆ ಮಣ್ಣು ಬೀಳ! ನಿನ್ನ ಕೈ ಸೇದಿಹೋಗ!" ಚಾಕನ್ನು ಅವನ ಕೈಯಿಂದ ಕಿತ್ತುಕೊಂಡು ಅವಳು ಒಳಗೆ ಹೋದಳು. ಹೋಗುತ್ತ ಹೋಗುತ್ತ ಅವಳ ಅಳು ಬೆಳಗಿನ ಅಳುವಿಗಿಂತ ದೊಡ್ಡದಾಗಿ, ನಿರಾಳವಾಗಿ ಎದ್ದಿತು. ಸಾಯುವ ಅಳು ಅದಲ್ಲ ಎಂದು ನಂಜಾಚಾರಿಗೆ ಅನ್ನಿಸಿತು, ಅಷ್ಟು ಸಾಕು ಎಂದುಕೊಂಡ.

*

ಹನ್ನೆರಡರ ಬಿಸಿಲಿನಲ್ಲಿ ಜವರಯ್ಯನನ್ನು ಇಳಿಸಿದರು. ಎಲೆಅಡಿಕೆಯ ಚೀಲ ಇಟ್ಟರು. ಹುಚ್ಚಮ್ಮ, "ನನ್ನ ಕಾಲಿನ ಮುಳ್ಳು ಇನ್ಯಾರು ತೆಗೀತಾರೋ ಮಗನೇ," ಎಂದು ಗುಂಡಿಯ ಅಂಚಿನಲ್ಲಿ ಕೂತು ಬಡಿದುಕೊಂಡಳು. ಲಿಂಗಮ್ಮ ಬಾಗಿ ಗಂಡನ ಎಡಗೈ ಪಕ್ಕಕ್ಕೆ ಚಾಕು ಬಿಟ್ಟಳು. ಈ ಸಲ ಯಾರೂ ಬೇಡವೆನ್ನಲಿಲ್ಲ. ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಿದರು. ನಂಜಾಚಾರಿಯೂ ಹಾಕಿದ. ಗುದ್ದಲಿಗಳು ಉಳಿದದ್ದನ್ನು ಎಳೆದು ಮುಚ್ಚಿದವು.

ಜನ ಹೊಳೆಯ ಕಡೆ ತಿರುಗುವ ಮೊದಲು ನಂಜಾಚಾರಿ ಹೆಗಲ ಟವೆಲ್ಲನ್ನು ಮಣ್ಣದಿಬ್ಬದ ಪಕ್ಕ ಹಾಸಿದ.

"ಮೆಣಸು ಕುಯ್ಯೋರು ಎಲ್ಲರೂ ಚಾಕು ಇಲ್ಲಿ ಹಾಕಿ," ಎಂದ. "ಎಂಟೂ ಹಾಕಬೇಕು."

"ಯಾಕೆ ಆಚಾರ್ರೆ?" ಬೊಮ್ಮ ತನ್ನದನ್ನು ತೆಗೆದು ಬಿಚ್ಚಿದ. "ಚೆನ್ನಾಗಿದೆಯಲ್ಲ. ಹಲ್ಲು ನೋಡಿ, ಜವರಣ್ಣಂದೇ ಕೈಕೆಲಸ." ಹೇಳುವಾಗ ಅವನ ಮುಖದಲ್ಲಿ ಸಣ್ಣ ಹೆಮ್ಮೆಯಿತ್ತು. ಅಲಗಿನ ಬೆನ್ನು ಬಿಸಿಲಿಗೆ ನವಿಲುಗರಿಯ ನೀಲಿ ಹೊಳೆಯಿತು. ಅದೊಂದು ನಂಜಾಚಾರಿಗೆ ಚೆನ್ನಾಗಿ ಕಂಡಿತು.

ಲಿಂಗಮ್ಮ ನಾಲ್ಕು ಮಾರು ದೂರದಲ್ಲಿ ಹೆಂಗಸರ ನಡುವೆ ನಿಂತಿದ್ದಳು.

"ಉಕ್ಕು ಕೆಟ್ಟದ್ದು," ಎಂದು ನಂಜಾಚಾರಿ ಅವಳಿಗೂ ಕೇಳುವಂತೆ ಹೇಳಿದ. "ನಾನು ಮೋಸ ಮಾಡಿ ಕೊಟ್ಟಿದ್ದು. ಹಗ್ಗಕ್ಕೆ ಹಿಡಿದ್ರೆ ಬಾಗಿಬಿಡುತ್ತೆ. ಜವರಯ್ಯಂದು ಬಾಗಿದ್ದೂ ಅದಕ್ಕೇ. ಯಾರೂ ಇದನ್ನ ಕಟ್ಕೊಂಡು ಮರ ಹತ್ತಬೇಡಿ."

ಪದ್ಮಯ್ಯ ಮೆಲ್ಲಗೆ, "ಎಂತ ಹೇಳ್ತಿದ್ದೀರಿ ಆಚಾರ್ರೆ, ಗೊತ್ತುಂಟಾ? ಇನ್ನು ಎಸ್ಟೇಟಿನ ಒಂದು ಮೊಳೆ ನಿಮ್ಮ ಹತ್ರ ಬರೂದಿಲ್ಲ," ಎಂದ. ಕೆಂಪಣ್ಣ ಮುನ್ನುಗ್ಗಿ ನಂಜಾಚಾರಿಯ ಎದೆಗೆ ಕೈ ಹಾಕಿ ತಳ್ಳಿದ. ಮುದುಕ ಹೊಸ ಮಣ್ಣಿನ ಮೇಲೆ ಕೂತಂತೆ ಬಿದ್ದ.

"ನಮ್ಮ ಭಾವನ್ನ ತಿಂದ್ಯಲ್ಲೋ! ತಗೋ! ನೀನೇ ಮಡಿಕ್ಕೋ!"

ಚಾಕು ಎದೆಗೆ ತಾಕಿ ಬಿತ್ತು. ಆಮೇಲೆ ಉಳಿದವರೂ ಎಸೆದರು. ಟವೆಲ್ಲಿಗೆ ಹಾಕಿದವನು ಬೊಮ್ಮ ಒಬ್ಬನೇ. ಮಿಕ್ಕವು ದಿಬ್ಬದ ಮೇಲೆ, ಹುಲ್ಲಿಗೆ, ಕಾಲಿಗೆ ಬಿದ್ದವು. ಯಾರೋ ಉಗುಳಿದರು. ನಂಜಾಚಾರಿ ತಲೆಯೆತ್ತಲಿಲ್ಲ, ಬಿದ್ದ ಸದ್ದನ್ನು ಮಾತ್ರ ಲೆಕ್ಕ ಹಾಕುತ್ತಿದ್ದ. ಅಷ್ಟರಲ್ಲಿ ಹುಚ್ಚಮ್ಮ, "ಬನ್ರಪ್ಪ, ಮುಳುಗು ಹಾಕಿ, ಹೊತ್ತಾಯ್ತು," ಎಂದು ಕೂಗಿದಳು. ಗುಂಪು ಹೊಳೆಗೆ ಇಳಿಯಿತು. ಲಿಂಗಮ್ಮನನ್ನು ಇಬ್ಬರು ಹೆಂಗಸರು ರಟ್ಟೆ ಹಿಡಿದು ಕರೆದುಕೊಂಡು ಹೋದರು.

ನಂಜಾಚಾರಿ ಮೊಣಕಾಲೂರಿ ಬೆರಳಿಂದ ತಡಕಿ ಒಂದೊಂದನ್ನೇ ಟವೆಲ್ಲಿಗೆ ಹಾಕಿದ. ಏಳು. ಮತ್ತೆ ಎಣಿಸಿದ. ಏಳು.

"ಯಾರದಪ್ಪ ಇನ್ನೊಂದು?" ಎಂದು ಕೂಗಿದ. "ಯಾರು ಹಾಕಿಲ್ಲ? ಸೋಮವಾರ ಅದನ್ನ ಕಟ್ಕೊಂಡು ಹತ್ತಬೇಡ್ರಪ್ಪ!"

ಹೊಳೆಯಲ್ಲಿ ಗಂಡಸರು ಮೂಗು ಹಿಡಿದು ಮುಳುಗುತ್ತಿದ್ದರು. ಇಷ್ಟು ದೂರದ್ದು ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಒಬ್ಬರೂ ತಿರುಗಿ ನೋಡಲಿಲ್ಲ. ಅವನ ಕಣ್ಣಿಗೆ ಮಂಜಾದದ್ದು ಕೈಯಳತೆಯ ಈ ಮಣ್ಣು ಮಾತ್ರ. ಅವನು ಹುಲ್ಲಿನ ಬುಡ ಬಿಡಿಸಿದ, ಹೆಂಟೆಗಳನ್ನು ಪುಡಿಮಾಡಿದ, ಆಮೇಲೆ ಎರಡೂ ಕೈಯಿಂದ ಜವರಯ್ಯನ ಮೇಲಿನ ಮಣ್ಣನ್ನೇ ಕೆದರಿ, ಹಿಡಿಹಿಡಿಯಾಗಿ ಎತ್ತಿ, ಕಣ್ಣಿಗೆ ಹತ್ತಿರ ತಂದು, ದೂರ ಹಿಡಿದು, ಬೆರಳ ಸಂದಿಯಿಂದ ಜರಡಿ ಹಿಡಿಯತೊಡಗಿದ.